ಹೆದೆ ಇಳಿಸುವ ಹೊತ್ತು

ಬಹಳ ಬಹಳ ಹಿಂದೆ, ನಮ್ಮ ತಾತನ ತಾತನಿಗೂ ಮೀಸೆ ಮೂಡದಿದ್ದ ಕಾಲದಲ್ಲಿ, ಹೊಳೆಸಾಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಅಂಚಿಗೆ ಉರುಗಲ್ಲು ಎಂಬ ಹಳ್ಳಿ. ಆ ಹಳ್ಳಿಯಲ್ಲಿ ಸಣ್ಣೀರ ಎಂಬ ಯುವಕ. ಅವನ ತೋಳು ಗಟ್ಟಿ, ಎದೆ ಗಟ್ಟಿ, ಎಲ್ಲಕ್ಕಿಂತ ಬಾಯಿ ಗಟ್ಟಿ.

"ನನಗೆ ಸಣ್ಣೀರ ಅಂತ ಹೆಸರಿಟ್ಟೋರು ನನ್ನ ತೋಳು ನೋಡಿರಲಿಲ್ಲ ಬಿಡ್ರಪ್ಪಾ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅವನ ಹತ್ತಿರ ಗುಡುಗು ಎಂಬ ಕಾಳಗದ ಟಗರಿತ್ತು. ಸುತ್ತಲ ಹಳ್ಳಿಗಳ ಟಗರುಗಳೆಲ್ಲ ಅದಕ್ಕೆ ಸೋತು ಬಾಲ ಮುದುರಿದ್ದವು. ಟಗರು ಒಂದು ಸಲ ಗೆದ್ದರೆ ಸಣ್ಣೀರ ಹತ್ತು ಸಲ ಗೆಲ್ಲುತ್ತಿದ್ದ, ಕಟ್ಟೆಯ ಮೇಲೆ ಕೂತು, ಬಾಯಲ್ಲಿ.

ಅವನಿಗೆ ತಾಯಿಯಿಲ್ಲ, ತಂದೆಯಿಲ್ಲ. ಎತ್ತಿ ಆಡಿಸಿದವಳು ಅಕ್ಕ ಹೊನ್ನಾಜಿ. ಅವನು ಮಗುವಾಗಿದ್ದಾಗ ಅವಳು ದಿನಾ ಬೆಳಿಗ್ಗೆ ದೀಪದ ಮಸಿಯನ್ನು ಬೆರಳ ತುದಿಗೆ ಹಚ್ಚಿಕೊಂಡು, ಅವನ ಬಲಗೆನ್ನೆಯ ಮೇಲೆ, ಬಾಯಿಯ ಮೂಲೆಗೆ ಸರಿಯಾಗಿ ದೃಷ್ಟಿಬೊಟ್ಟು ಇಡುತ್ತಿದ್ದಳು. ಅವನಿಗೆ ಮೀಸೆ ಬಂದ ಮೇಲೂ ಕಾಳಗದ ದಿನ ಮಸಿ ಹಿಡಿದು ಹಿಂದೆ ಬರುತ್ತಿದ್ದಳು. "ಬಿಡಕ್ಕಾ, ಮಾನ ಹೋಗುತ್ತೆ" ಎಂದು ಅವನು ಕೈ ತಳ್ಳಿ ಓಡುತ್ತಿದ್ದ.

ಆ ರಾಜ್ಯಕ್ಕೊಂದು ಕೇಡಿತ್ತು. ಬಡಗಣ ದಿಕ್ಕಿನಲ್ಲಿ, ಮಂಜಿನ ಕಾಡಿನಾಚೆ, ಬೂದಿಗಣ್ಣ ಎಂಬ ಮಾಂತ್ರಿಕನಿದ್ದ. ಅವನ ಒಂದು ಕಣ್ಣು ಎಲ್ಲರ ಕಣ್ಣಿನಂತೆ. ಇನ್ನೊಂದು ಕಣ್ಣಿನ ತುಂಬ ಬೂದಿ. ಅವನ ಮಾಯೆಯೆಲ್ಲ ಆ ಬೂದಿಯಲ್ಲೇ ಇತ್ತು. ಮುಸ್ಸಂಜೆಯ ಹೊತ್ತು ಯಾರಾದರೂ ಬಾಗಿಲಲ್ಲಿ ನಿಂತು ತಮ್ಮವರ ದಾರಿ ಕಾಯುತ್ತಿದ್ದರೆ, ಅವನು ಕೂತಲ್ಲಿಂದಲೇ ಒಂದು ಚಿಟಿಕೆ ಬೂದಿ ಗಾಳಿಗೆ ಬಿಡುತ್ತಿದ್ದ. ಆ ಬೂದಿ ತಾಗಿದವರು ಹೊಸ್ತಿಲ ಮೇಲೆ ಮಾಯವಾಗಿ, ಅವನ ಕೆರೆಯಲ್ಲಿ ಜೊಂಡುಹುಲ್ಲಾಗಿ ಏಳುತ್ತಿದ್ದರು. ಅವನಿಗೆ ಬಾಣ ಬೇಕೆನಿಸಿದ ದಿನ ಒಂದು ಜೊಂಡನ್ನು ಕೊಯ್ದು ಬಾಣ ಮಾಡುತ್ತಿದ್ದ. ಕೊಯ್ದ ಮೇಲೆ ಮುಗಿಯಿತು, ಆ ಜೀವ ಮತ್ತೆ ಬರುವುದಿಲ್ಲ. ಯಾವ ದಿನ ಯಾರ ಸರದಿ ಎಂದು ಯಾರಿಗೂ ತಿಳಿಯದು.

ಅರಸನು ಡಂಗುರ ಹೊಡೆಸಿದ್ದ: ಹೊತ್ತು ಮುಳುಗುವಾಗ ಯಾರೂ ಬಾಗಿಲಲ್ಲಿ ನಿಲ್ಲಬಾರದು. ಆದರೆ ಪ್ರೀತಿಯವರು ಮನೆಗೆ ಬಾರದಿದ್ದರೆ, ಡಂಗುರದ ಮಾತು ಯಾರ ಕಿವಿಗೆ ಹೋಗುತ್ತದೆ?

ಒಂದು ದಿನ ಗುಡುಗು ದೊಡ್ಡ ಕಾಳಗ ಗೆದ್ದಿತು. ಸಣ್ಣೀರ ಕಟ್ಟೆಯ ಮೇಲೆ ಕೂತು ಆ ಗೆಲುವನ್ನು ಹೇಳಿದ್ದೇ ಹೇಳಿದ್ದು. ಸೂರ್ಯ ಇಳಿದ, ದನ ಮನೆಗೆ ಬಂದವು, ಇವನ ಮಾತು ಮಾತ್ರ ಮುಗಿಯಲಿಲ್ಲ. ಕೊನೆಗೆ ಮನೆಗೆ ಬಂದು ನೋಡಿದರೆ ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ, ಒಲೆಯ ಪಕ್ಕದಲ್ಲಿ ಅವನ ಊಟ ಮುಚ್ಚಿಟ್ಟಿದೆ. ಹೊಸ್ತಿಲ ಮೇಲೆ ಒಂದು ಚಿಟಿಕೆ ಬೂದಿ. ಅಕ್ಕ ಇಲ್ಲ.

ಆ ಊಟವನ್ನು ಅವನು ಉಣ್ಣಲಿಲ್ಲ.

ಬೆಳಗಾಗುತ್ತಲೇ ಗುಡುಗನ್ನು ಹಗ್ಗ ಹಿಡಿದು ಎಳೆದುಕೊಂಡು ಪಟ್ಟಣದ ಆಯುಧಶಾಲೆಗೆ ಹೋದ. "ಬಿಲ್ಲು ಕೊಡಿ, ಬೂದಿಗಣ್ಣನ ಕಣ್ಣಿಗೇ ಹೊಡೆದು ಬರ್ತೀನಿ" ಎಂದ.

ಕಾವಲಿನವನು ಕೇಳಿದ: "ಯಾವತ್ತಾದ್ರೂ ಬಾಣ ಬಿಟ್ಟಿದೀಯೇನೋ?"

"ಬಿಟ್ಟಿಲ್ಲ. ಚೂಪಾಗಿರೋದು ಮುಂದೆ ತಾನೇ? ಇನ್ನೇನು ಕಲಿಯೋಕಿದೆ ಅದರಲ್ಲಿ!"

ಅವರು ಹೊಟ್ಟೆ ಹಿಡಿದು ನಕ್ಕು, ಅವನನ್ನೂ ಟಗರನ್ನೂ ಹೊರಗೆ ದಬ್ಬಿದರು.

ಅದೇ ಪಟ್ಟಣದ ಸಂತೆಯ ತುದಿಯಲ್ಲಿ ಬೆಳ್ಳವ್ವ ಎಂಬ ಮುದುಕಿ ಕೂರುತ್ತಿದ್ದಳು. ಹಳೇ ಮೊರ, ಹಳೇ ಕತ್ತಿ, ಹಳೇ ಗಂಟೆ, ಇವೇ ಅವಳ ವ್ಯಾಪಾರ. ಎಲ್ಲದರ ಹಿಂದೆ ಕಂಬಳಿಯಲ್ಲಿ ಸುತ್ತಿದ ಒಂದು ಬಿಲ್ಲಿತ್ತು. ಕೋಣನ ಕೊಂಬು, ಬಿದಿರು, ಜಿಂಕೆಯ ನರ ಮೂರನ್ನೂ ಅಂಟು ಹಾಕಿ ಕೂಡಿಸಿದ ಬಿಲ್ಲು. ಹೆದೆ ಕಳಚಿ ಮಲಗಿಸಿದ್ದರಿಂದ ಅದರ ಎರಡು ತುದಿಗಳೂ ಎತ್ತಿನ ಕೊಂಬಿನಂತೆ ಒಂದರತ್ತ ಒಂದು ಬಾಗಿದ್ದವು. ಹಿಡಿಯ ಮೇಲೆ ಯಾರದೋ ಬೆರಳುಗಳ ಗುರುತು ಕುಳಿ ಬಿದ್ದಿತ್ತು.

"ಅಜ್ಜೀ, ಹಳೇ ಬಿಲ್ಲು ಯಾರಿಗೆ ಬೇಕು? ನನಗಾದ್ರೆ ಕೊಡು, ಪುಣ್ಯ ಬರುತ್ತೆ."

"ಹಳೇದಲ್ಲ ಕಣೋ. ಇನ್ನೊಬ್ಬರ ಕೈ ಆಡಿದ್ದು" ಎಂದಳು ಬೆಳ್ಳವ್ವ. "ಹೆದೆ ಏರಿಸಿ ತೋರಿಸು. ಆಮೇಲೆ ಮಾತು."

"ಇದೇನು ಮಹಾ!" ಸಣ್ಣೀರ ಬಿಲ್ಲನ್ನು ತೊಡೆಗೆ ಕೊಟ್ಟು, ಅದು ಬಾಗಿದ್ದ ಕಡೆಗೇ ಇನ್ನಷ್ಟು ಬಗ್ಗಿಸಿ, ಹೆದೆ ಸಿಕ್ಕಿಸಲು ಹೋದ. ಬಿಲ್ಲು ಕಿರ್ ಎಂದಿತು. ಅಷ್ಟರಲ್ಲಿ ಬೆಳ್ಳವ್ವನ ಮೊರ ಅವನ ಮುಂಗೈ ಮೇಲೆ ಪಟಾರನೆ ಬಿತ್ತು.

"ಮುಟ್ಠಾಳ! ಅದು ಯಾವ ಕಡೆ ಬಾಗಿ ಮಲಗಿದೆಯೋ ಅದರ ಎದುರು ಕಡೆಗೆ ಬಗ್ಗಿಸಬೇಕು. ನೀನು ಮಾಡಿದಂಗೆ ಮಾಡಿದ್ರೆ ಸಿಡಿದು, ಏರಿಸಿದೋನ ಮುಖಾನೇ ಒಡೆಯುತ್ತೆ."

ಸಂತೆಯೆಲ್ಲ ನಕ್ಕಿತು. ಸಣ್ಣೀರನ ಕಿವಿ ಕೆಂಪಾಯಿತು. "ನಂಗೆ ಗೊತ್ತಿತ್ತು. ನಿಂಗೆ ಗೊತ್ತಾ ಅಂತ ನೋಡ್ದೆ."

"ಓಹೋ, ಗೊತ್ತಿತ್ತಂತೆ ಮಹಾರಾಯನಿಗೆ! ಯಾಕಪ್ಪಾ ನಿನಗೆ ಬಿಲ್ಲು?"

ಅವನು ದೊಡ್ಡ ಮಾತು ಹೇಳಲು ಬಾಯಿ ತೆರೆದ. ಆದರೆ ಹೊರಗೆ ಬಂದದ್ದು ಒಂದೇ ಮಾತು: "ನಮ್ಮಕ್ಕ ನನ್ನ ದಾರಿ ಕಾಯ್ತಾ ನಿಂತಿದ್ಲು ಅಜ್ಜೀ."

ಬೆಳ್ಳವ್ವ ಟಗರಿನ ಹಗ್ಗವನ್ನು ಅವನ ಕೈಯಿಂದ ತಗೊಂಡಳು. "ಇದು ನನ್ನ ಹತ್ರ ಇರಲಿ, ಬಿಲ್ಲು ನಿನ್ನ ಹತ್ರ ಇರಲಿ. ಆದರೆ ಇನ್ನೊಬ್ಬರ ಕೈ ಆಡಿದ ಬಿಲ್ಲಿಗೆ ಒಂದು ಕಟ್ಟಳೆ ಇದೆ. ದಿನಾ ಹೊತ್ತು ಮುಳುಗುವಾಗ ಹೆದೆ ಇಳಿಸಬೇಕು. ಇಳಿಸಿ, ಮೊದಲ ಕೈಯವರ ಹೆಸರು ಹಿಡಿದು ಕೂಗಬೇಕು. ಇಲ್ಲದಿದ್ರೆ ಅದು ಹೊಸ ಕೈಗೆ ಒಗ್ಗಲ್ಲ."

"ಕೂಗೋಣ, ಅದಕ್ಕೇನು. ಏನು ಹೆಸರು?"

ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಗಂಡನ ಹೆಸರು ನಾನು ಹೇಳೋಕಾಗುತ್ತೇನೋ, ಪೆದ್ದೇ? ಬೂದಿಗಣ್ಣನ್ನ ಹೊಡೀತೀನಿ ಅಂತ ಹೋದ್ರು. ಅವರು ಬರಲಿಲ್ಲ, ಬಿಲ್ಲು ಮಾತ್ರ ಹೊಳೆಯಲ್ಲಿ ತೇಲಿ ಬಂತು. ಅವತ್ತಿಂದ ನಾನೇ ಹೆದೆ ಇಳಿಸಿ ಇಟ್ಟಿದೀನಿ. ಕೂಗೋಕೆ ಮಾತ್ರ ಈ ನಾಲಿಗೆ ಏಳಲ್ಲ. ಒಡಪಿನಲ್ಲಿ ಹೇಳ್ತೀನಿ, ಕೇಳಿಸ್ಕೋ." ಮದುವೆಮನೆಯ ಹೊಸ ಸೊಸೆಯಂತೆ ತಲೆ ತಗ್ಗಿಸಿ ಹೇಳಿದಳು:

"ಗುಡ್ಡದ ಮೇಲೆ ಗುಡುಗಿದರೆ ಗದ್ದೆಗೆ ಮಳೆ ಚೆಂದ,
ಮುಸ್ಸಂಜೆ ಹೊತ್ತಿಗೆ ದೇಪಣ್ಣನವರು ಮನೆಗೆ ಬಂದರೇ ಚೆಂದ."

ಅಂದಿನಿಂದ ಬೆಳ್ಳವ್ವನ ಹಿತ್ತಲಲ್ಲಿ ಸಣ್ಣೀರನ ಕಲಿಕೆ ಶುರುವಾಯಿತು.

ಮೊದಲು ಅವನು ಖಾಲಿ ಹೆದೆಯನ್ನು ಎಳೆದು ಟಣ್ ಎನ್ನಿಸಲು ಹೋದ. ಮೊರದ ಏಟು ಬಿತ್ತು. "ಬಾಣ ಇಲ್ಲದೆ ಹೆದೆ ಬಿಡಬೇಡ. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿನ ಒಳಗೇ ಹೋಗಿ ಅದನ್ನ ಸೀಳುತ್ತೆ." ಮೊದಲ ಬಾಣ ಅವನ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಗುರಿಗೆಂದು ತೂಗುಹಾಕಿದ್ದ ಹುಲ್ಲಿನ ಸಿಂಬೆಯನ್ನು ಬಿಟ್ಟು ಬಳ್ಳಿಯ ಕುಂಬಳಕಾಯಿಗೆ ನೆಟ್ಟಿತು.

"ಕುಂಬಳಕಾಯಿಗೇ ಗುರಿ ಇಟ್ಟಿದ್ದೆ ಅಜ್ಜೀ."

"ಹಂಗಾದ್ರೆ ಇವತ್ತು ಅದೇ ಸಾರು. ನಾಳೆ ಸಿಂಬೆಗೆ ಹೊಡೆದ್ರೆ ಸಿಂಬೆ ಸಾರು ಮಾಡ್ತೀನಿ."

ಹೆದೆ ಬಡಿದು ಬಡಿದು ಎಡ ಮುಂಗೈ ನೀಲಿಗಟ್ಟಿತು. ಕೇಳಿದವರಿಗೆ ಹುಲಿ ಪರಚಿತು ಎಂದ. ಆದರೆ ಬಾಣ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಆಗ ಬೆಳ್ಳವ್ವ ಹೇಳಿದಳು: "ನೀನು ಒಂದೊಂದು ಸಲ ಒಂದೊಂದು ಜಾಗಕ್ಕೆ ಎಳೀತೀಯ. ಒಂದು ಸಲ ಕಿವಿ, ಒಂದು ಸಲ ಗಲ್ಲ. ಮುಖದ ಮೇಲೆ ಒಂದು ಜಾಗ ಹುಡುಕ್ಕೋ, ಸಾಯೋವರೆಗೂ ಮರೆಯದ ಜಾಗ. ಎಳೆದಾಗೆಲ್ಲ ಬೆರಳು ಅಲ್ಲಿಗೇ ಬರಬೇಕು."

ಸಣ್ಣೀರ ಹುಡುಕಲಿಲ್ಲ. ಹೆದೆ ಎಳೆದ, ಬೆರಳು ತಾನಾಗಿ ಬಲಗೆನ್ನೆಯ ಮೇಲೆ, ಬಾಯಿಯ ಮೂಲೆಗೆ ಬಂದು ನಿಂತಿತು. ಅಕ್ಕ ದೃಷ್ಟಿಬೊಟ್ಟು ಇಡುತ್ತಿದ್ದ ಜಾಗ. ಬಾಣ ಹೋಗಿ ಸಿಂಬೆಯ ನಡುವೆ ಕೂತಿತು. ಅವತ್ತು ಮಾತ್ರ ಅವನು ಏನೂ ಕೊಚ್ಚಿಕೊಳ್ಳಲಿಲ್ಲ. ಬೆನ್ನು ತಿರುಗಿಸಿ ನಿಂತು ಕಣ್ಣು ಒರೆಸಿಕೊಂಡ.

ಪ್ರತಿ ಮುಸ್ಸಂಜೆ ಹೆದೆ ಇಳಿಸಿ ಕೂಗುತ್ತಿದ್ದ: "ದೇಪಣ್ಣಾ, ಹೆದೆ ಇಳಿಸಿದೀನೋ!" ಆಗ ಬಿಲ್ಲು ಅವನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು, ತಾಯಿಯ ಗಂಟೆ ಕೇಳಿದ ಕರುವಿನ ಹಾಗೆ. ಬೆಳ್ಳವ್ವ ಒಳಗೆ ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು. ಅಲ್ಲಿ ಯಾವ ಕೆಲಸವೂ ಇರುತ್ತಿರಲಿಲ್ಲ.

ಮೂರು ಬಾಣ ಬತ್ತಳಿಕೆಗೆ ಹಾಕಿಕೊಂಡು ಸಣ್ಣೀರ ಬಡಗಣ ದಾರಿ ಹಿಡಿದ.

ನಡೆದ, ನಡೆದ, ಬಂಡೆಗಳ ಕಣಿವೆಗೆ ಬಂದ. ಅಲ್ಲಿ ಮೂರು ಬಾಲದ ನರಿ ದಾರಿಗೆ ಅಡ್ಡ ಕೂತಿತ್ತು. ಮನುಷ್ಯರಂತೆ ಮಾತಾಡುತ್ತಿತ್ತು.

"ಬಾರಪ್ಪಾ ಬಿಲ್ಲುಗಾರ! ನಿನ್ನ ಹೆಸರು ಹೊಳೆಸಾಲೆಲ್ಲ ಮೊಳಗ್ತಿದೆ. ಒಂದೇ ಒಂದು ಸಲ ಹೆದೆ ಮಿಡಿದು ಸದ್ದು ಕೇಳಿಸು. ಹೆದರಿ ಓಡಿಹೋಗ್ತೀನಿ."

ಸಣ್ಣೀರನ ಎದೆ ಉಬ್ಬಿತು. ಬೆರಳು ಖಾಲಿ ಹೆದೆಯ ಮೇಲೆ ಹೋಯಿತು. ಮುಂಗೈ ಮೇಲೆ ಇಲ್ಲದ ಮೊರದ ಏಟು ಚುರುಗುಟ್ಟಿತು. ಕೈ ತೆಗೆದ. "ಬಾಣ ಇಲ್ಲದೆ ಹೆದೆ ಬಿಡೋ ಮನೆತನ ನಮ್ಮದಲ್ಲ" ಎಂದ, ಏಳು ತಲೆಮಾರಿನಿಂದ ಬಿಲ್ಲು ಹಿಡಿದವರಂತೆ. "ಬಾಣ ಹೂಡ್ತೀನಿ, ನೋಡು. ಮೂರೂ ಬಾಲ ಒಂದೇ ಏಟಿಗೆ!"

ಹೂಡಿದ, ಎಳೆದ, ಬಿಟ್ಟ. ಬಾಣ ನರಿಯ ಮೂರು ಬಾಲಗಳಲ್ಲಿ ಒಂದಕ್ಕೂ ತಾಗದೆ, ಮೇಲೆ ಬಂಡೆಗೆ ಕಟ್ಟಿದ್ದ ಹೆಜ್ಜೇನಿಗೆ ಹೋಗಿ ನೆಟ್ಟಿತು. ಜೇನು ಎದ್ದವು. ನರಿಗೆ ಒಂದು ಬಾಲವಿದ್ದಿದ್ದರೆ ಹೇಗೋ ಬಚ್ಚಿಟ್ಟುಕೊಳ್ಳುತ್ತಿತ್ತು, ಮೂರು ಬಾಲ ಎಲ್ಲಿ ಬಚ್ಚಿಡುವುದು? ಊಳಿಡುತ್ತಾ ಕಣಿವೆ ಬಿಟ್ಟು ಓಡಿತು.

"ಜೇನಿಗೇ ಗುರಿ ಇಟ್ಟಿದ್ದೆ!" ಎಂದು ಸಣ್ಣೀರ ಬಂಡೆಗಳಿಗೆಲ್ಲ ಕೇಳುವಂತೆ ಕೂಗಿದ. ಕೂಗಿ, ತಾನೂ ಓಡಿದ. ಜೇನಿಗೆ ಯಾರು ಬಿಲ್ಲುಗಾರ ಯಾರು ನರಿ ಎಂಬುದು ತಿಳಿಯದಲ್ಲ.

ಮತ್ತೆ ನಡೆದ, ನಡೆದ, ಮಂಜಿನ ಕಾಡಿಗೆ ಬಂದ. ಚಾಚಿದ ಕೈ ಕಾಣದಷ್ಟು ಮಂಜು. ಆ ಮಂಜಿನೊಳಗಿಂದ ಒಂದು ದನಿ ಬಂತು.

"ತಮ್ಮಾ, ಊಟ ಆರಿಹೋಗುತ್ತೆ. ಬಾರೋ."

ಅಕ್ಕನ ದನಿ. ಸಣ್ಣೀರ ಹೆಗಲ ಮೇಲಿನ ಬಿಲ್ಲು ಬತ್ತಳಿಕೆ ಮರೆತು ಅತ್ತ ಓಡಿದ. ದನಿ ಇನ್ನೊಂದು ಕಡೆಯಿಂದ ಬಂತು. ಅತ್ತ ಓಡಿದ. ಮತ್ತೊಂದು ಕಡೆಯಿಂದ ಬಂತು. ಮುಂದಿನ ಹೆಜ್ಜೆಗೆ ಕಾಲ ಕೆಳಗಿನ ಕಲ್ಲು ಜಾರಿ, ಬಹಳ ಹೊತ್ತಿನ ಮೇಲೆ ಆಳದಲ್ಲೆಲ್ಲೋ ಬಿದ್ದ ಸದ್ದು ಕೇಳಿಸಿತು. ಪ್ರಪಾತದ ಅಂಚಿನಲ್ಲಿ ನಿಂತಿದ್ದ.

ಅದು ಅಕ್ಕನಲ್ಲ. ಬೂದಿಗಣ್ಣ ಸಾಕಿದ ಕಬ್ಬಿಣದ ಗೂಬೆ. ಯಾರಿಗೆ ಯಾರ ಮೇಲೆ ಹಂಬಲವೋ ಅವರ ದನಿಯಲ್ಲಿ ಕರೆದು ಪ್ರಪಾತಕ್ಕೆ ಇಳಿಸುವುದೇ ಅದರ ಕೆಲಸ.

"ಯಾಕೋ ನಿಂತೆ? ನಿನಗಾಗಿ ಕಾಯ್ತಾ ಇದೀನಲ್ಲೋ" ಎಂದಿತು ಗೂಬೆ.

ಸಣ್ಣೀರ ಬಾಣ ಹೂಡಿದ. ಕಣ್ಣಿಗೆ ಏನೂ ಕಾಣದು, ಗುರಿಯಿಲ್ಲ, ಇರುವುದು ದನಿಯೊಂದೇ. ಆ ದನಿಯ ಮೇಲೆ ಬಾಣ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಆದರೂ ಎಳೆದ. ಬೆರಳು ಕೆನ್ನೆಯ ಆ ಜಾಗಕ್ಕೆ ಬಂದಿತು. ಅಲ್ಲಿ ಅಕ್ಕನ ನಿಜವಾದ ಬೆರಳ ಬಿಸಿ ಇತ್ತು. ಬಿಸಿ ಇದ್ದದ್ದು ಅಕ್ಕ, ಕೂಗುತ್ತಿದ್ದದ್ದು ಕಬ್ಬಿಣ. ಬಾಣ ಬಿಟ್ಟ. ಮಂಜಿನೊಳಗೆ ಠಣ್ ಎಂದು ಏನೋ ಬಿತ್ತು, ತುಕ್ಕು ಹಿಡಿದ ಗರಿಗಳು ಚೆಲ್ಲಾಡಿದವು.

ಕಾಡು ಮೌನವಾಯಿತು. ಸಣ್ಣೀರ ಅಲ್ಲೇ ಕುಸಿದು ಕೂತ. ಸುಳ್ಳು ದನಿಯೇ ಆದರೂ ಇನ್ನೊಂದೇ ಒಂದು ಸಲ "ತಮ್ಮಾ" ಎಂದಿದ್ದರೆ ಆಗುತ್ತಿತ್ತು ಅನಿಸಿತು.

ಇನ್ನೂ ನಡೆದ, ನಡೆದ. ಮಂಜು ಹರಿಯಿತು. ಎದುರಿಗೆ ಬೂದಿಗಣ್ಣನ ಕೆರೆ.

ಕೆರೆಯ ತುಂಬ ಜೊಂಡು. ತೆಂಕಣ ಗಾಳಿ ಬೀಸುತ್ತಿತ್ತು. ಬರಿಯ ಜೊಂಡುಗಳೆಲ್ಲ ಗಾಳಿಗೆ ಸರಿಯಾಗಿ ಬಡಗಣಕ್ಕೆ ಬಾಗಿದ್ದವು. ಆದರೆ ನಡುನಡುವೆ ಕೆಲವು ಗಾಳಿಯ ಮಾತು ಕೇಳದೆ ನಿಂತಿದ್ದವು. ಒಂದು ಮೂಡಣಕ್ಕೆ ಬಾಗಿತ್ತು, ಒಂದು ಪಡುವಣಕ್ಕೆ, ಒಂದು ಗಾಳಿಗೆ ಎದುರಾಗಿ ತೆಂಕಣಕ್ಕೆ. ಅವು ಮನುಷ್ಯರು. ಅವರವರ ಮನೆ ಯಾವ ಕಡೆಗಿತ್ತೋ ಆ ಕಡೆಗೆ ಬಾಗಿದ್ದರು. ಹಗಲೂ ಇರುಳೂ ಹಾಗೇ.

ಸಣ್ಣೀರ ದಡದಲ್ಲಿ ಸುತ್ತಿ ಸುತ್ತಿ ನೋಡಿದ. ನೀರಿನ ಅಂಚಿನಲ್ಲಿ ಒಂದು ತೆಳ್ಳಗಿನ ಜೊಂಡು ಉರುಗಲ್ಲಿನ ದಾರಿಗೆ ಸರಿಯಾಗಿ ಬಾಗಿತ್ತು. ಬಾಗಿಲಲ್ಲಿ ನಿಂತವರು ದಾರಿಯ ತಿರುವು ನೋಡಲು ಕತ್ತು ಕೊಂಕಿಸುತ್ತಾರಲ್ಲ, ಹಾಗೆ ಅದರ ತುದಿ ಕೊಂಕಿತ್ತು.

"ಅಕ್ಕಾ!" ಎಂದ. ಜೊಂಡು ನಡುಗಿತು. ನಡುಗಿತೇ ಹೊರತು ಜೊಂಡಾಗಿಯೇ ಉಳಿಯಿತು. ಮಾಯೆಯ ಕಟ್ಟು ಇನ್ನೂ ಬಿಗಿಯಾಗಿತ್ತು.

ಅಷ್ಟರಲ್ಲಿ ಸೂರ್ಯ ಕೆರೆಯಾಚೆ ಇಳಿಯತೊಡಗಿದ. ಸಣ್ಣೀರ ಬಿಲ್ಲು ನೋಡಿದ. ಬತ್ತಳಿಕೆಯಲ್ಲಿ ಒಂದೇ ಬಾಣ. ಬೂದಿಗಣ್ಣ ಯಾವ ಗಳಿಗೆಯಲ್ಲಾದರೂ ಬರಬಹುದು. ಆದರೂ ಬೆಳ್ಳವ್ವನಿಗೆ ಕೊಟ್ಟ ಮಾತು ಮಾತೇ. ಹೆದೆ ಇಳಿಸಿದ. ಬಿಲ್ಲು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಬಾಗಿ ಕೊಂಬಿನಂತಾಯಿತು. ಅವನು ಕೂಗಿದ:

"ದೇಪಣ್ಣಾ, ಹೆದೆ ಇಳಿಸಿದೀನೋ!"

ಕೆರೆಯ ನಟ್ಟನಡುವೆ ಒಂದು ದಪ್ಪ ಜೊಂಡು ನಿಧಾನವಾಗಿ ತಲೆ ಎತ್ತಿತು.

ಆ ಕೂಗು ಬೂದಿಗಣ್ಣನಿಗೂ ಕೇಳಿಸಿತು. ನೀರಿನ ಮೇಲೆ ನಡೆದುಕೊಂಡು ಬಂದ. ಕೈಯಲ್ಲಿ ಕುಡುಗೋಲು. ಬಂದವನೇ ಬಗ್ಗಿ, ತೆಳ್ಳಗಿನ ಆ ಜೊಂಡಿನ ಬುಡಕ್ಕೆ ಕುಡುಗೋಲು ಇಟ್ಟ.

"ಹೆದೆ ಏರಿಸೋಕೆ ಕೈ ಹಾಕಿದ್ರೆ ಇವಳನ್ನ ಕೊಯ್ತೀನಿ" ಎಂದ. "ನೋಡೋ ಹುಡುಗ, ಹಂಬಲದಿಂದ ಮಾಡಿದ ಬಾಣ ಗುರಿ ತಪ್ಪಲ್ಲ. ಇಲ್ಲಿಂದ ಬಿಟ್ರೆ ಅರಮನೆಯಲ್ಲಿ ಕೂತಿರೋ ಅರಸನ ಎದೆಗೆ ಹೋಗಿ ನೆಡುತ್ತೆ. ಆದರೆ ಅದನ್ನ ತಾಳೋ ಬಿಲ್ಲು ಸಿಕ್ಕಿಲ್ಲ, ಎಲ್ಲ ಮುರಿದು ಹೋದವು. ಈ ಬಿಲ್ಲು ತಾಳುತ್ತೆ. ಅದರ ಮೊದಲನೇ ಯಜಮಾನ ಬಂದಿದ್ದ. ನನ್ನ ಕಣ್ಣಿಗೇ ಗುರಿ ಇಟ್ಟಿದ್ದ. ಬಾಣ ಬಿಡೋ ಮುಂಚೆ ಒಂದೇ ಒಂದು ಸಲ ಮನೆ ಕಡೆ ತಿರುಗಿ ನೋಡಿದ. ಅಷ್ಟು ಸಾಕಾಯ್ತು ನನಗೆ. ಬಿಲ್ಲು ಮಾತ್ರ ನೀರಿಗೆ ಬಿದ್ದು ತೇಲಿಹೋಯ್ತು. ಕೊಡು ಇಲ್ಲಿ. ನಿನ್ನಕ್ಕನ್ನ ಕರ್ಕೊಂಡು ಹೋಗು."

ಸಣ್ಣೀರ ಬಿಲ್ಲಿನ ಹಿಡಿಯನ್ನು ಒಂದು ಸಲ ಬಿಗಿಯಾಗಿ ಹಿಡಿದ. ಬೇರೆಯವರ ಬೆರಳ ಕುಳಿಗಳಲ್ಲಿ ಈಗ ಅವನ ಬೆರಳೂ ಸರಿಯಾಗಿ ಕೂರುತ್ತಿತ್ತು. ಅಕ್ಕನ ಜೊಂಡನ್ನು ನೋಡಿದ. ಬಿಲ್ಲು ಕೊಟ್ಟುಬಿಟ್ಟ.

ಬೂದಿಗಣ್ಣ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣ ಬೂದಿಯಿಂದ ಮನುಷ್ಯರನ್ನು ಹುಲ್ಲು ಮಾಡುವುದು ಅವನಿಗೆ ಗೊತ್ತಿತ್ತು. ಹೀಗೆ ಹಿಂದಕ್ಕೆ ಬಾಗುವ ಬಿಲ್ಲಿನ ವಿಷಯ ಗೊತ್ತಿರಲಿಲ್ಲ. ಅದು ಯಾವ ಕಡೆಗೆ ಬಾಗಿತ್ತೋ ಆ ಕಡೆಗೇ ಇನ್ನಷ್ಟು ಬಗ್ಗಿಸಿ, ಹೆದೆಯನ್ನು ತುದಿಯತ್ತ ಎಳೆಯತೊಡಗಿದ.

ಸಣ್ಣೀರನ ಬಾಯಿ ತನ್ನಿಂದ ತಾನೇ ತೆರೆಯಿತು. ನಾಲಿಗೆ ತುರಿಸಿತು. ಹುಟ್ಟಿದಾಗಿನಿಂದ ಅವನು ತನಗೆ ಗೊತ್ತಿದ್ದದ್ದನ್ನು ಹೇಳದೆ ಬಿಟ್ಟವನಲ್ಲ, ಗೊತ್ತಿಲ್ಲದ್ದನ್ನೂ ಬಿಟ್ಟವನಲ್ಲ. "ಹಂಗಲ್ಲ ಕಣೋ ಮುಟ್ಠಾಳ" ಎಂಬ ಮಾತು ಹಲ್ಲಿನವರೆಗೆ ಬಂದು ನಿಂತಿತ್ತು. ಸಂತೆಯಲ್ಲಿ ತನ್ನನ್ನು ನೋಡಿ ಎಲ್ಲರೂ ನಕ್ಕಂತೆ ನಗಬೇಕೆನಿಸಿತು.

ಬೂದಿಗಣ್ಣ ತಲೆ ಎತ್ತಿ ಅನುಮಾನದಿಂದ ನೋಡಿದ. "ಏನೋ? ಏನೋ ಹೇಳಬೇಕು ಅಂತಿದೀಯಲ್ಲ?"

ಸಣ್ಣೀರ ಆ ಮಾತನ್ನು ನುಂಗಿದ.

"ಏನಿಲ್ಲ. ನನಗೇನೂ ಗೊತ್ತಿಲ್ಲ."

ಆ ಮಾತನ್ನು ಅವನು ಜೀವಮಾನದಲ್ಲೇ ಮೊದಲ ಸಲ ಆಡಿದ.

"ನಿನಗೇನು ಗೊತ್ತಿರುತ್ತೆ, ಹಳ್ಳಿ ಗುಗ್ಗು" ಎಂದು ನಕ್ಕು, ಬೂದಿಗಣ್ಣ ಮಂಡಿ ಊರಿ, ಮೈಬಲವೆಲ್ಲ ಹಾಕಿ ಬಿಲ್ಲನ್ನು ಅದುಮಿದ.

ಬಿಲ್ಲು ಒಡೆಯಿತು. ಗುಡುಗಿನಂಥ ಸದ್ದಿಗೆ ಕೆರೆಯ ಹಕ್ಕಿಗಳೆಲ್ಲ ಎದ್ದವು. ಕೊಂಬಿನ ಮೊನೆಯೊಂದು ಸಿಡಿದು ನೇರ ಬೂದಿಗಣ್ಣಿಗೆ ನೆಟ್ಟಿತು. ಕಣ್ಣು ಒಡೆದು, ಒಳಗಿದ್ದ ಬೂದಿಯೆಲ್ಲ ಅವನ ಮೈಮೇಲೇ ಸುರಿಯಿತು. ಸುರಿದಂತೆ ಅವನೂ ಬೂದಿಯಾದ. ತೆಂಕಣ ಗಾಳಿ ಒಂದು ಸಲ ಜೋರಾಗಿ ಬೀಸಿತು. ಅವನಿದ್ದ ಜಾಗದಲ್ಲಿ ನೀರು ಮಾತ್ರ ಇತ್ತು.

ಸಣ್ಣೀರ ಮೊಣಕಾಲಾಳದ ನೀರಿಗೆ ಇಳಿದು, ತೆಳ್ಳಗಿನ ಜೊಂಡನ್ನು ಎರಡೂ ಕೈಯಲ್ಲಿ ಹಿಡಿದ. "ಅಕ್ಕಾ" ಎಂದ, ಮೆಲ್ಲಗೆ.

ಕೈಯಲ್ಲಿದ್ದ ಜೊಂಡು ಬೆಚ್ಚಗಾಯಿತು. ಹೊನ್ನಾಜಿ ನಿಂತಿದ್ದಳು. ಕತ್ತು ಇನ್ನೂ ದಾರಿಯ ಕಡೆಗೆ ಕೊಂಕಿತ್ತು. ತಿರುಗಿ ಅವನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇಷ್ಟೊತ್ತೇನೋ ಮನೆಗೆ ಬರೋದು?"

ಸಣ್ಣೀರ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ.

ಉಳಿದ ಜೊಂಡುಗಳೂ ಹಾಗೇ. ಯಾರಿಗಾಗಿ ಬಾಗಿದ್ದವೋ ಅವರೇ ಬಂದು ಕರೆದರೆ ಸಾಕು, ಮನುಷ್ಯರಾಗುತ್ತಿದ್ದವು. ಸುದ್ದಿ ಹೊಳೆಸಾಲೆಲ್ಲ ಹಬ್ಬಿತು. ಗಾಡಿ ಕಟ್ಟಿಕೊಂಡು ಬಂದರು, ನಡೆದು ಬಂದರು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ದಡದ ಉದ್ದಕ್ಕೂ ಜನ ನಿಂತು "ಅವ್ವಾ" ಎಂದರು, "ಮಗಾ" ಎಂದರು, "ಲೇ ಇವಳೇ" ಎಂದರು. ಒಬ್ಬೊಬ್ಬರೇ ನೀರಿನಿಂದ ಎದ್ದು ಬಂದರು.

ನಡುವಿನ ದಪ್ಪ ಜೊಂಡು ಮಾತ್ರ ಉಳಿಯಿತು. ಸಣ್ಣೀರ "ದೇಪಣ್ಣಾ" ಎಂದು ಗಂಟಲು ಕಟ್ಟುವವರೆಗೆ ಕೂಗಿದ. ಜೊಂಡು ತಲೆದೂಗಿತು, ಅಷ್ಟೇ. ಅದು ಬಾಗಿದ್ದದ್ದು ಅವನಿಗಾಗಿ ಅಲ್ಲ.

ಹೋಗಿ ಬೆಳ್ಳವ್ವನನ್ನು ಕರೆತಂದ. ಹಿಂದೆ ಗುಡುಗೂ ಬಂದಿತು. ಬೆಳ್ಳವ್ವನ ಹುಲ್ಲು ತಿಂದು ತಿಂದು ಕಾಳಗ ಮರೆತು ಗುಂಡಗಾಗಿತ್ತು. ಮುದುಕಿ ನೀರಿಗಿಳಿದು ಜೊಂಡಿನ ಮುಂದೆ ನಿಂತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಗುಡ್ಡದ ಮೇಲೆ ಗುಡುಗಿದರೆ ಗದ್ದೆಗೆ ಮಳೆ ಚೆಂದ..." ಎಂದು ಶುರುಮಾಡಿದಳು. ಜೊಂಡು ಅಲ್ಲಾಡಲಿಲ್ಲ.

"ಅಜ್ಜೀ, ಒಡಪಿನಲ್ಲಿ ಹೇಳಿದ್ರೆ ಕರೆದಂಗಾಗಲ್ಲ" ಎಂದ ಸಣ್ಣೀರ.

"ಸುಮ್ನಿರೋ, ನಂಗೊತ್ತು."

ಬೆಳ್ಳವ್ವ ಸೆರಗನ್ನು ಕೆಳಗೆ ಬಿಟ್ಟಳು. ದಡದ ಮೇಲೆ ಇಡೀ ರಾಜ್ಯವೇ ನಿಂತಿತ್ತು. ಅವಳು ಯಾರನ್ನೂ ನೋಡಲಿಲ್ಲ.

"ದೇಪಣ್ಣಾ. ಬಾ, ಮನೆಗೆ ಹೋಗಣ."

ನೀರಿನಿಂದ ಎದ್ದು ಬಂದವನ ತಲೆ ಜೊಂಡಿನ ಹೂವಿನಂತೆ ಬೆಳ್ಳಗಾಗಿತ್ತು. ಅವಳದೂ ಹಾಗೇ ಇತ್ತು. "ಹೆಸರು ಹಿಡಿದೇ ಕರೆದುಬಿಟ್ಯಲ್ಲೇ!" ಎಂದು ಬೆರಗಾದ. "ಇನ್ನೇನು ಮಾಡ್ಲಿ, ಕಿವಿ ಕೇಳದೋರಿಗೆ" ಎಂದಳು. ಆಮೇಲೆ ಅವನು ಸುತ್ತ ನೋಡಿ ಕೇಳಿದ: "ನನ್ನ ಬಿಲ್ಲೆಲ್ಲಿ?"

ಸಣ್ಣೀರ ಬಿಲ್ಲಿನ ಮುರಿದ ಹಿಡಿಯನ್ನು ಚಾಚಿದ. ಇಬ್ಬರೂ ಅದರ ಒಂದೊಂದು ತುದಿ ಹಿಡಿದು ನಿಂತರು. ಇಬ್ಬರ ಕೈಗೂ ಅದು ಬೇಕಿತ್ತು.

ಮುಂದಿನ ಮಳೆಗಾಲ ಕಳೆದು ಅಂಟು ಒಣಗುವ ಬಿಸಿಲು ಬಂದಾಗ ದೇಪಣ್ಣ ಹೊಸ ಬಿಲ್ಲು ಮಾಡಿದ. ಅದಕ್ಕೆ ಹಳೇ ಬಿಲ್ಲಿನ ಕೊಂಬಿನ ಒಂದು ಚೂರು ಸೇರಿಸಿ ಸಣ್ಣೀರನಿಗೆ ಕೊಟ್ಟ. "ಇದಕ್ಕೆ ಮೊದಲ ಕೈ ನಿನ್ನದೇ. ಹೆದೆ ಇಳಿಸುವಾಗ ಯಾರನ್ನ ಕೂಗ್ತೀಯೋ ನಿನ್ನಿಷ್ಟ" ಎಂದ.

ಸಣ್ಣೀರ ದೊಡ್ಡ ಬಿಲ್ಲುಗಾರನಾದ. ಹಾಗೆಂದು ಅವನೇ ಹೇಳುತ್ತಿದ್ದ, ಈ ಸಲ ಅದು ನಿಜವಾಗಿತ್ತು. ಬಲಗೆನ್ನೆಯ ಮೇಲೆ ದೃಷ್ಟಿಬೊಟ್ಟು ಇಟ್ಟುಕೊಂಡೇ ಕಟ್ಟೆಯ ಮೇಲೆ ಕೂರುತ್ತಿದ್ದ. ನರಿಯ ಕತೆ ಹೇಳುವಾಗ ಬಾಲಗಳು ಮೂರಿದ್ದದ್ದು ಏಳಾದವು. ಆದರೆ ಸೂರ್ಯ ಕೆಂಪಾದನೆಂದರೆ, ಮಾತು ಎಲ್ಲಿಗೆ ಬಂದಿದ್ದರೂ ಸರಿ, ಅಲ್ಲಿಗೇ ಬಿಟ್ಟು ಎದ್ದು ಹೆದೆ ಇಳಿಸುತ್ತಿದ್ದ. ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ:

"ಅಕ್ಕಾ, ಹೆದೆ ಇಳಿಸ್ದೆ! ಬಂದೇ!"

ಆ ಕೂಗಿಗೆ ಹೊಲದವರು ಗುದ್ದಲಿ ಹೆಗಲಿಗೇರಿಸುತ್ತಿದ್ದರು, ಕಟ್ಟೆಯವರು ಪಂಚೆ ಕೊಡವಿ ಏಳುತ್ತಿದ್ದರು. ಹೊಳೆಸಾಲು ರಾಜ್ಯದಲ್ಲಿ ಆಮೇಲೆ ಯಾರ ಊಟವೂ ಆರಲಿಲ್ಲ. ಕತೆ ಕೇಳಿದವರೂ ಏಳಿ, ಹೊತ್ತಾಯಿತು. ನಿಮಗಾಗಿ ಯಾರೋ ಬಾಗಿಲಲ್ಲಿ ನಿಂತಿರುತ್ತಾರೆ.